ಬೇಲಿಯ ಎರಡೂ ಬದಿ: ಜನರಲ್ ತಿಮ್ಮಯ್ಯ ಮತ್ತು ಯುದ್ಧಕೈದಿಗಳು



ರಾಮನಗರದ ಹತ್ತಿರದ ಕೈಲಾಂಚದಿಂದ ಪ್ರೌಢಶಾಲೆಯ ಹುಡುಗನೊಬ್ಬ ನಮ್ಮ ಕಾರ್ಯಕ್ರಮಕ್ಕೆ ಒಂದು ಪ್ರಶ್ನೆ ಬರೆದು ಕಳಿಸಿದ್ದಾನೆ. ಯುದ್ಧದಲ್ಲಿ ಹಿಡಿದ ಶತ್ರುವಿಗೆ ಅನ್ನ ಹಾಕಿ ಯಾಕೆ ಸಾಕಬೇಕು, ಬೆಳಿಗ್ಗೆ ಕೊಲ್ಲಲು ಹೋದವನನ್ನೇ ಸಂಜೆ ಕಾಯುವುದು ಯಾವ ನ್ಯಾಯ ಎಂದು ಆತ ಕೇಳಿದ್ದಾನೆ. ಪ್ರಶ್ನೆ ಸ್ವಲ್ಪ ಒರಟು, ಆದರೆ ಪ್ರಾಮಾಣಿಕವಾದದ್ದು. ಪಠ್ಯಪುಸ್ತಕದ ಯುದ್ಧಗಳಲ್ಲಿ ಗೆದ್ದವರು ಇರುತ್ತಾರೆ, ಸೋತವರು ಇರುತ್ತಾರೆ, ಸತ್ತವರ ಸಂಖ್ಯೆಯೂ ಇರುತ್ತದೆ. ಸೆರೆ ಸಿಕ್ಕವರು ಮಾತ್ರ ಒಂದು ಸಾಲಿನಲ್ಲಿ ಮುಗಿದು ಹೋಗುತ್ತಾರೆ.

ಕೈಲಾಂಚದವರಿಗೆ ಈ ವಿಷಯ ದೂರದ್ದೇನೂ ಅಲ್ಲ. ರಾಮನಗರಕ್ಕೆ ಬಂದು ಮೈಸೂರಿನ ರಸ್ತೆ ಹಿಡಿದರೆ ಶ್ರೀರಂಗಪಟ್ಟಣ ಸಿಗುತ್ತದೆ. ಅಲ್ಲಿ ಕರ್ನಲ್ ಬೇಯ್ಲಿಯ ಹೆಸರಿನ ಸೆರೆಮನೆಯನ್ನು ಶಾಲೆಯ ಪ್ರವಾಸದಲ್ಲಿ ನೀವು ನೋಡಿರಬಹುದು. 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನ ಕದನದಲ್ಲಿ ಹೈದರಾಲಿ ಮತ್ತು ಟಿಪ್ಪು ಅವರ ಸೇನೆಯ ಕೈಗೆ ಸಿಕ್ಕ ಬ್ರಿಟಿಷ್ ಅಧಿಕಾರಿಗಳನ್ನು ಶ್ರೀರಂಗಪಟ್ಟಣಕ್ಕೆ ತಂದರು. ಬೇಯ್ಲಿ 1782ರಲ್ಲಿ ಸೆರೆಯಲ್ಲೇ ತೀರಿಕೊಂಡ. ಅವನೊಡನೆ ಸಿಕ್ಕಿದ್ದ ಡೇವಿಡ್ ಬೇರ್ಡ್ 1784ರ ಮಂಗಳೂರು ಒಪ್ಪಂದದ ನಂತರ ಬಿಡುಗಡೆ ಹೊಂದಿದ. ಹದಿನೈದು ವರ್ಷ ಕಳೆದು, 1799ರ ಮೇ 4ರಂದು, ಅದೇ ಕೋಟೆಯ ಮೇಲಿನ ದಾಳಿಯನ್ನು ಮುನ್ನಡೆಸಿದವನೂ ಅವನೇ. ಆ ಕಾಲದಲ್ಲಿ ಕೈದಿಯ ಗತಿ ಹಿಡಿದವರ ಮರ್ಜಿಯನ್ನು ಅವಲಂಬಿಸಿತ್ತು. ಬರೆದಿಟ್ಟ ನಿಯಮ ಯಾವುದೂ ಇರಲಿಲ್ಲ.

ನಿಯಮಗಳು ಬಂದದ್ದು ಬಹಳ ತಡವಾಗಿ. ಬಂದ ಮೇಲೆ ಅವುಗಳಲ್ಲಿ ಒಂದು ಅತ್ಯಂತ ಕಠಿಣವಾದ ತೊಡಕು ಕಾಣಿಸಿಕೊಂಡಿತು. ಆ ತೊಡಕನ್ನು ಬಿಡಿಸುವ ಕೆಲಸ ಬಿದ್ದದ್ದು ಒಬ್ಬ ಕನ್ನಡ ನಾಡಿನವರ ಹೆಗಲಿಗೆ. ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಅವರು. ತಿಮ್ಮಯ್ಯ ಎಂದ ಕೂಡಲೇ ಎಲ್ಲರೂ ಹೇಳುವುದು ಜೋಜಿಲಾ ಕಣಿವೆಗೆ ಟ್ಯಾಂಕು ಹತ್ತಿಸಿದ ಕತೆ. ಅದನ್ನು ನಾನೂ ಹೇಳುತ್ತೇನೆ. ಆದರೆ ಅವರ ಬದುಕನ್ನು ಓದುತ್ತ ಹೋದರೆ ಟ್ಯಾಂಕಿನ ಬೆನ್ನಿಗೇ ಸೆರೆಯ ಪ್ರಸಂಗಗಳು ಮತ್ತೆ ಮತ್ತೆ ಎದುರಾಗುತ್ತವೆ.

ತಿಮ್ಮಯ್ಯನವರು ಕಾಫಿ ಬೆಳೆಗಾರರ ಮನೆಯವರು. ಕೂನೂರಿನಲ್ಲಿಯೂ ಆಮೇಲೆ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿಯೂ ಓದಿ, ಡೆಹ್ರಾಡೂನಿನ ಸೈನಿಕ ಕಾಲೇಜಿಗೆ ಸೇರಿದರು. ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ಗೆ ಹೋಗಿ, 1926ರಲ್ಲಿ ಬ್ರಿಟಿಷ್ ಚಕ್ರವರ್ತಿಯ ಸೇವೆಯ ಅಧಿಕಾರಿಯಾದರು. ಅವರು ಸೇರಿದ್ದು 19ನೆಯ ಹೈದರಾಬಾದ್ ರೆಜಿಮೆಂಟಿನ ನಾಲ್ಕನೆಯ ಬೆಟಾಲಿಯನ್. ಹೆಸರು ಹೈದರಾಬಾದ್ ಆದರೂ ಇದು ನಿಜಾಮರ ಸೇನೆಯಲ್ಲ, ಬ್ರಿಟಿಷ್ ಭಾರತದ ಸೇನೆ. ಅದರ ಉತ್ತರಾಧಿಕಾರಿಯೇ ಇಂದಿನ ಕುಮಾವ್ ರೆಜಿಮೆಂಟ್. ದೇಶದಲ್ಲಿ ಸ್ವಾತಂತ್ರ್ಯದ ಚಳವಳಿ ಕಾವೇರುತ್ತಿದ್ದಾಗ ಪರದೇಶದ ರಾಜನ ಸಮವಸ್ತ್ರ ತೊಟ್ಟುಕೊಂಡಿರುವುದು ಸರಿಯೇ ಎಂಬ ಸಂಕಟ ಅವರನ್ನು ಕಾಡಿತ್ತು. ಅಲಹಾಬಾದಿನಲ್ಲಿದ್ದಾಗ ಮೋತಿಲಾಲ್ ನೆಹರು ಅವರ ಮುಂದೆ ಈ ಮಾತು ಬಂತು. ಸೇನೆಯನ್ನು ಬಿಡಬೇಡಿ, ನಾಳೆ ಸ್ವತಂತ್ರ ದೇಶಕ್ಕೆ ಕೆಲಸ ಬಲ್ಲ ಅಧಿಕಾರಿಗಳು ಬೇಕಾಗುತ್ತಾರೆ ಎಂಬ ಅರ್ಥದ ಸಲಹೆ ಸಿಕ್ಕಿತು. ಅವರು ಉಳಿದುಕೊಂಡರು.

ಎರಡನೆಯ ಮಹಾಯುದ್ಧ ಶುರುವಾದಾಗ ಅವರ ಬೆಟಾಲಿಯನ್ ಸಿಂಗಪುರ ಮತ್ತು ಮಲಯದ ಕಡೆ ಇತ್ತು. ಜಪಾನಿನ ದಾಳಿ ಬರುವ ಮೊದಲೇ ತಿಮ್ಮಯ್ಯ ಭಾರತಕ್ಕೆ ವರ್ಗವಾಗಿ ಬಂದರು. ಜೊತೆಗಾರರು ಅಲ್ಲೇ ಉಳಿದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಮಲಯದಲ್ಲಿ ನಡೆದದ್ದು ಟ್ಯಾಂಕಿಗೂ ಸೆರೆಗೂ ಇರುವ ನಂಟನ್ನು ಚೆನ್ನಾಗಿ ತೋರಿಸುತ್ತದೆ. 1941ರ ಡಿಸೆಂಬರಿನಲ್ಲಿ ಜಪಾನೀಯರು ಮಲಯಕ್ಕೆ ಇಳಿದಾಗ ಬ್ರಿಟಿಷರ ಬಳಿ ಅಲ್ಲಿ ಒಂದೇ ಒಂದು ಟ್ಯಾಂಕೂ ಇರಲಿಲ್ಲ. ರಬ್ಬರ್ ತೋಟ, ಕಾಡು, ಕೆಸರು. ಇಂಥ ಕಡೆ ಟ್ಯಾಂಕು ನಡೆಯದು ಎಂಬುದು ಲೆಕ್ಕಾಚಾರ. ಜಪಾನೀಯರು ಕಾಡಿಗೆ ನುಗ್ಗಲೇ ಇಲ್ಲ, ಬ್ರಿಟಿಷರೇ ಕಟ್ಟಿದ್ದ ಒಳ್ಳೆಯ ಹೆದ್ದಾರಿಯ ಮೇಲೆ ಬಂದರು. 1942ರ ಜನವರಿ 7ರ ನಸುಕಿನಲ್ಲಿ, ಸ್ಲಿಮ್ ನದಿಯ ಬಳಿ, ಎರಡು ಮೂರು ಡಜನ್ ಟ್ಯಾಂಕುಗಳು ರಸ್ತೆಯ ಉದ್ದಕ್ಕೂ ನುಗ್ಗಿದವು. ರಸ್ತೆಯಲ್ಲಿ ಮೊದಲು ಎದುರಾದದ್ದು 4/19 ಹೈದರಾಬಾದ್, ತಿಮ್ಮಯ್ಯನವರ ಹಳೆಯ ಬೆಟಾಲಿಯನ್. ಕಾಲಾಳಿನ ಕೋವಿಗೆ ಉಕ್ಕಿನ ತಗಡು ಬಗ್ಗುವುದಿಲ್ಲ. ಟ್ಯಾಂಕುಗಳು ಸಾಲನ್ನು ಸೀಳಿಕೊಂಡು ಹಿಂದಿನ ಸೇತುವೆಯ ತನಕ ಹೋಗಿಬಿಟ್ಟವು. ಬೆಳಗಾಗುವ ಹೊತ್ತಿಗೆ ಎರಡು ಬ್ರಿಗೇಡುಗಳು ಲೆಕ್ಕಕ್ಕಿಲ್ಲದಂತಾಗಿ, ಸುಮಾರು ಮೂರು ಸಾವಿರ ಮಂದಿ ಸೆರೆಯಾದರು. ಟ್ಯಾಂಕು ಕೊಲ್ಲುವುದಕ್ಕಿಂತ ಹೆಚ್ಚಾಗಿ ಹೀಗೆ ಕತ್ತರಿಸಿ ಬೇರೆ ಮಾಡುತ್ತದೆ. ಹಿಂದೆ ದಾರಿ ಇಲ್ಲದ, ಆಜ್ಞೆ ಕೊಡುವವರಿಲ್ಲದ ಸೈನಿಕ ಸೆರೆಯಾಗುವುದಕ್ಕೆ ಹೇಡಿಯಾಗಿರಬೇಕಾಗಿಲ್ಲ. ಇದನ್ನು ಆ ವಿದ್ಯಾರ್ಥಿ ವಿಶೇಷವಾಗಿ ಗಮನಿಸಬೇಕು.

ಫೆಬ್ರುವರಿ 15ರಂದು ಸಿಂಗಪುರ ಶರಣಾಯಿತು. ಅಲ್ಲಿ ಸೆರೆ ಸಿಕ್ಕ ಭಾರತೀಯರ ಸಂಖ್ಯೆ ನಲವತ್ತು ಸಾವಿರಕ್ಕಿಂತ ಮೇಲು. ಅವರಲ್ಲಿ ನಮ್ಮ ಮೈಸೂರು ಸಂಸ್ಥಾನದ ಒಂದನೆಯ ಮೈಸೂರು ಇನ್‌ಫೆಂಟ್ರಿಯವರೂ ಇದ್ದರು. ಅವರಿಗೆ ವಿಮಾನ ನಿಲ್ದಾಣ ಕಾಯುವ ಕೆಲಸವಿತ್ತು. ಆಗ ಕ್ಲೋಸ್‌ಪೇಟೆ ಎಂಬ ಹೆಸರಿದ್ದ ರಾಮನಗರವೂ ಅದರ ನೆರೆಯ ಕೈಲಾಂಚವೂ ಅದೇ ಸಂಸ್ಥಾನಕ್ಕೆ ಸೇರಿದ್ದವು ಎಂಬುದನ್ನು ನೆನಪಿಡಿ. ಇನ್ನೊಂದು ವಿಚಿತ್ರ ನೋಡಿ. ಅದೇ ವರ್ಷಗಳಲ್ಲಿ ಬೆಂಗಳೂರಿನ ಸುತ್ತಲಿನ ಶಿಬಿರಗಳಲ್ಲಿ ಸಾವಿರಾರು ಇಟಲಿಯ ಸೈನಿಕರು ಕೈದಿಗಳಾಗಿದ್ದರು. ಉತ್ತರ ಆಫ್ರಿಕದ ಮರಳುಗಾಡಿನಲ್ಲಿ 1940ರ ಡಿಸೆಂಬರಿನಿಂದ 1941ರ ಫೆಬ್ರುವರಿಯೊಳಗೆ ಬ್ರಿಟಿಷ್ ಟ್ಯಾಂಕುಗಳು ಇಟಲಿಯ ಸೇನೆಯನ್ನು ಹೀಗೆಯೇ ಸೀಳಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಸೆರೆ ಹಿಡಿದಿದ್ದವು. ಆ ದಾಳಿಯ ಮೊದಲ ಹಂತದಲ್ಲಿ ಭಾರತದ ನಾಲ್ಕನೆಯ ಡಿವಿಷನ್ ಕೂಡ ಇತ್ತು. ಅಂದರೆ, ಮೈಸೂರಿನ ಸೈನಿಕ ಸಿಂಗಪುರದಲ್ಲಿ ಸೆರೆ, ಇಟಲಿಯ ಸೈನಿಕ ಮೈಸೂರು ಸೀಮೆಯಲ್ಲಿ ಸೆರೆ. ನಾವು ಅನ್ನ ಹಾಕಿದ ಕೈದಿಗೆ ಊರು ಇರುವ ಹಾಗೆ, ನಮ್ಮ ಹುಡುಗನಿಗೆ ಅನ್ನ ಹಾಕಬೇಕಾದವರೂ ಎಲ್ಲೋ ಇರುತ್ತಾರೆ. ಯುದ್ಧಕೈದಿಗಳ ನಿಯಮದ ಹಿಂದೆ ಇರುವ ಮೊದಲ ಲೆಕ್ಕ ಇಷ್ಟು ಸರಳ. ಜಪಾನ್ ಆ ಲೆಕ್ಕಕ್ಕೆ ಬದ್ಧವಾಗಿರಲಿಲ್ಲ. 1929ರ ಜಿನೀವಾ ಒಡಂಬಡಿಕೆಗೆ ಸಹಿ ಹಾಕಿದ್ದರೂ ಅದನ್ನು ಅನುಮೋದಿಸಿರಲಿಲ್ಲ. ಅದರ ಫಲವನ್ನು ಸಿಂಗಪುರದ ಕೈದಿಗಳು ಉಂಡರು.

ಸಿಂಗಪುರದಲ್ಲಿ ಭಾರತೀಯ ಕೈದಿಗಳ ಮುಂದೆ ಒಂದು ಆಯ್ಕೆ ಬಂತು. ಬ್ರಿಟಿಷರ ವಿರುದ್ಧ ಹೋರಾಡುವ ಆಜಾದ್ ಹಿಂದ್ ಫೌಜಿಗೆ ಸೇರಬಹುದು, ಇಲ್ಲವೇ ಕೈದಿಯಾಗಿ ಉಳಿಯಬಹುದು. ಸೇರಿದವರಲ್ಲಿ ದೇಶಪ್ರೇಮದಿಂದ ಸೇರಿದವರಿದ್ದರು, ಹಸಿವಿಗೆ ಅಂಜಿ ಸೇರಿದವರೂ ಇದ್ದರು. ಸೇರದವರಲ್ಲಿ ಅನೇಕರನ್ನು ನ್ಯೂಗಿನಿಯಂಥ ದ್ವೀಪಗಳಿಗೆ ಕೂಲಿಗಳಾಗಿ ಒಯ್ದರು. ಬಹಳ ಮಂದಿ ಹಿಂದಿರುಗಲಿಲ್ಲ. ತಿಮ್ಮಯ್ಯನವರ ಅಣ್ಣ ಪೊನ್ನಪ್ಪ ಅವರೂ ಅಧಿಕಾರಿಯಾಗಿದ್ದು ಅಲ್ಲೇ ಸೆರೆ ಸಿಕ್ಕರು, ಆಜಾದ್ ಹಿಂದ್ ಫೌಜಿಗೆ ಸೇರಿದರು. ತಮ್ಮನೋ ಬರ್ಮಾದ ಅರಕಾನ್ ಕರಾವಳಿಯಲ್ಲಿ ಜಪಾನೀಯರ ವಿರುದ್ಧ ಹೋರಾಡುತ್ತಿದ್ದ. 1945ರ ಆರಂಭದಲ್ಲಿ ಕಂಗಾವ್ ಕದನದಲ್ಲಿ 8/19 ಹೈದರಾಬಾದ್ ಬೆಟಾಲಿಯನ್ನಿನ ನಾಯಕತ್ವ ವಹಿಸಿದ್ದಕ್ಕೆ ಬ್ರಿಟಿಷರ ದೊಡ್ಡ ಶೌರ್ಯ ಪದಕವಾದ ಡಿ.ಎಸ್.ಒ. ಅವರಿಗೆ ಬಂತು. ಯುದ್ಧರಂಗದಲ್ಲಿ ಬ್ರಿಗೇಡೊಂದನ್ನು ನಡೆಸಿದ ಮೊದಲ ಭಾರತೀಯ ಎಂಬ ಹೆಸರೂ ಅವರದೇ.

ಒಂದೇ ಮನೆಯ ಇಬ್ಬರು, ಎರಡು ಸೇನೆ. ಇವರಲ್ಲಿ ಯಾರು ಸರಿ ಎಂದು ನೀವು ಕಾಲೇಜಿನ ಚರ್ಚಾಕೂಟದಲ್ಲಿ ವಾದ ಮಾಡಬಹುದು, ಮಾಡಿ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಬೇಲಿಯೊಳಗೆ ಕೂತವನಿಗೂ ಒಂದು ಮನಸ್ಸಿದೆ, ಅದನ್ನು ಒಲಿಸಲು, ಹೆದರಿಸಲು, ತಿರುಗಿಸಲು ಹೊರಗಿನವರು ಏನೇನು ಮಾಡುತ್ತಾರೆ ಎಂಬುದು ತಿಮ್ಮಯ್ಯನವರಿಗೆ ಮನೆಯಲ್ಲಿಯೇ ತಿಳಿದಿತ್ತು.

ಈಗ ಜೋಜಿಲಾ.

1948ರ ಮೇ ತಿಂಗಳಲ್ಲಿ ಮೇಜರ್ ಜನರಲ್ ತಿಮ್ಮಯ್ಯ ಕಾಶ್ಮೀರದ ಡಿವಿಷನ್ನಿನ ಅಧಿಪತ್ಯ ವಹಿಸಿದರು. ಶ್ರೀನಗರದಿಂದ ಲಡಾಖಿಗೆ ಹೋಗುವ ದಾರಿ ಜೋಜಿಲಾ ಕಣಿವೆಯ ಮೂಲಕ. ಎತ್ತರ ಸುಮಾರು 11,500 ಅಡಿ. ಎದುರಾಳಿಗಳು ಕಾರ್ಗಿಲ್ ಮತ್ತು ದ್ರಾಸ್ ಹಿಡಿದು, ಆಮೇಲೆ ಕಣಿವೆಯನ್ನೂ ಮುಚ್ಚಿಬಿಟ್ಟಿದ್ದರು. ಲೇಹ್ ಪಟ್ಟಣ ಬೀಳುವ ಸ್ಥಿತಿ. ಮೇ 24ರಂದು ಏರ್ ಕಮೊಡೋರ್ ಮೆಹರ್ ಸಿಂಗ್ ಒಂದು ಡಕೋಟಾ ವಿಮಾನವನ್ನು ಹಿಮಾಲಯ ದಾಟಿಸಿ ಲೇಹಿನ ಮರಳಿನ ಪಟ್ಟಿಯ ಮೇಲೆ ಇಳಿಸಿದರು. ಅದರಲ್ಲಿ ಪ್ರಯಾಣಿಕರಾಗಿ ಕೂತಿದ್ದವರು ತಿಮ್ಮಯ್ಯ. ಅಲ್ಲಿ ಅದುವರೆಗೆ ಯಾವ ವಿಮಾನವೂ ಇಳಿದಿರಲಿಲ್ಲ.

ಲೇಹ್ ಉಳಿಯಿತು. ಸ್ಕರ್ದು ಉಳಿಯಲಿಲ್ಲ. ಸಿಂಧೂ ನದಿಯ ದಂಡೆಯ ಈ ಕೋಟೆಯನ್ನು ಲೆಫ್ಟಿನೆಂಟ್ ಕರ್ನಲ್ ಶೇರ್ ಜಂಗ್ ಥಾಪಾ ಕೆಲವೇ ನೂರು ಸೈನಿಕರೊಂದಿಗೆ ಫೆಬ್ರುವರಿಯಿಂದ ಆರು ತಿಂಗಳು ಕಾದರು. ನೆರವಿಗೆ ಹೊರಟ ತುಕಡಿಗಳು ದಾರಿಯಲ್ಲೇ ತಡೆಯಲ್ಪಟ್ಟವು. ಮದ್ದುಗುಂಡು, ಊಟ ಎರಡೂ ಮುಗಿದ ಮೇಲೆ, ಆಗಸ್ಟ್ 14ರಂದು, ಥಾಪಾ ಶರಣಾದರು. ಶರಣಾದವರಲ್ಲಿ ಬಹುಮಂದಿಯನ್ನು ಕೊಂದರು. ಥಾಪಾ ಯುದ್ಧಕೈದಿಯಾಗಿ ಬದುಕಿ ಮರಳಿದರು. ಅವರಿಗೆ ಮಹಾವೀರ ಚಕ್ರ ಬಂತು. ಶರಣಾದ ಅಧಿಕಾರಿಗೆ ದೇಶದ ಎರಡನೆಯ ಅತಿ ದೊಡ್ಡ ಶೌರ್ಯ ಪದಕ. ಸೆರೆಯಾದವನು ಸೋತವನು ಎಂದು ಸುಲಭವಾಗಿ ಹೇಳುವವರು ಈ ಒಂದು ಹೆಸರನ್ನು ನೆನಪಿನಲ್ಲಿ ಇಟ್ಟುಕೊಳ್ಳಲಿ. ಸ್ಕರ್ದುವಿಗೆ ಸಹಾಯ ತಲುಪಿಸಲಾಗದ ನೋವನ್ನು ಹೊರಬೇಕಾಗಿದ್ದವರು ಆ ರಂಗದ ಸೇನಾಪತಿ ತಿಮ್ಮಯ್ಯ.

ಸೆಪ್ಟೆಂಬರಿನಲ್ಲಿ ಜೋಜಿಲಾದ ಮೇಲೆ ಕಾಲಾಳುಗಳ ದಾಳಿ ನಡೆದು ವಿಫಲವಾಯಿತು. ಬಂಡೆಗಳ ಸಂದಿಯಲ್ಲಿ ಕೂತ ಮೆಷಿನ್‌ಗನ್ನುಗಳನ್ನು ಬರಿಗಾಲಾಳು ಎದುರಿಸುವಂತಿರಲಿಲ್ಲ. ಚಳಿಗಾಲ ಬಂದರೆ ಕಣಿವೆ ಮುಚ್ಚುತ್ತದೆ. ವಸಂತದ ತನಕ ಲೇಹ್ ಉಳಿಯುವುದೇ ಸಂದೇಹ. ಆಗ ಹುಟ್ಟಿದ್ದು ಟ್ಯಾಂಕಿನ ಯೋಚನೆ.

ವಿಜ್ಞಾನ ಓದಿದ ನನಗೆ ಈ ಭಾಗ ಹೇಳುವಾಗ ಸ್ವಲ್ಪ ಹೆಚ್ಚು ಉತ್ಸಾಹ ಬರುವುದು ಸಹಜ, ಸಹಿಸಿಕೊಳ್ಳಿ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 760 ಮಿಲಿಮೀಟರ್ ಪಾದರಸದಷ್ಟು. 11,500 ಅಡಿಯಲ್ಲಿ ಅದು 500ಕ್ಕಿಂತ ಕೆಳಗೆ ಇಳಿಯುತ್ತದೆ. ಎಂಜಿನ್ ಪೆಟ್ರೋಲಿನಿಂದ ಮಾತ್ರ ನಡೆಯುವುದಿಲ್ಲ, ಆಮ್ಲಜನಕವೂ ಬೇಕು. ಮೂರರಲ್ಲಿ ಒಂದು ಪಾಲು ಗಾಳಿ ಕಡಿಮೆಯಾದರೆ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಪಾಲು ಕಡಿಮೆ. ಆ ಕುಂಠಿತ ಎಂಜಿನ್ನಿನಿಂದ ಹದಿನೈದು ಟನ್ ತೂಕದ ಸ್ಟುವರ್ಟ್ ಟ್ಯಾಂಕನ್ನು ಕಡಿದಾದ ಏರು ಹತ್ತಿಸಬೇಕು. ಕೊರೆಯುವ ಚಳಿಗೆ ಎಣ್ಣೆ ಗಟ್ಟಿಯಾಗುತ್ತದೆ, ಬ್ಯಾಟರಿ ಸೋಲುತ್ತದೆ. ಕೈಲಾಂಚದ ಕಡೆಯವರಾದರೆ ಅವ್ವೇರಹಳ್ಳಿಯ ರೇವಣಸಿದ್ದೇಶ್ವರ ಬೆಟ್ಟವನ್ನು ಹತ್ತಿರುತ್ತೀರಿ. ಅದರ ಮೆಟ್ಟಿಲ ಪಕ್ಕದ ಬಂಡೆಗೆ, ಮೇಲೆ ಹಿಮ ಬಿದ್ದಿರುವಾಗ, ಕಬ್ಬು ತುಂಬಿದ ಲಾರಿಯನ್ನು ಹತ್ತಿಸುವುದನ್ನು ಊಹಿಸಿಕೊಳ್ಳಿ. ಒಂದು ಅನುಕೂಲ ಮಾತ್ರ ಇತ್ತು. ಟ್ಯಾಂಕಿನ ಭಾರ ನಾಲ್ಕು ಚಕ್ರಗಳ ಮೇಲೆ ನಿಲ್ಲದೆ ಉದ್ದನೆಯ ಉಕ್ಕಿನ ಪಟ್ಟಿಯ ಮೇಲೆ ಹರಡಿಕೊಳ್ಳುತ್ತದೆ. ಗಾಡಿ ಹೂತು ಹೋಗುವ ಕಡೆಯೂ ಅದು ನಡೆದುಬಿಡುತ್ತದೆ.

ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ನಡೆಯುವ ಕಾಲುದಾರಿ. ಅದನ್ನು ಅಗಲ ಮಾಡಿ ಟ್ಯಾಂಕು ನಡೆಯುವಂತೆ ಮಾಡಿದವರು ಮದ್ರಾಸ್ ಸ್ಯಾಪರ್ಸ್. ಹೆಸರು ಮದ್ರಾಸಿನದು, ನೆಲೆ ಬೆಂಗಳೂರಿನ ಹಲಸೂರು ಕೆರೆಯ ಬಳಿ. ಗುಂಡಿನ ಮಳೆಯಲ್ಲಿ, ಬಹುಪಾಲು ಕತ್ತಲಲ್ಲಿ, ಬಂಡೆ ಸಿಡಿಸಿ ಅವರು ದಾರಿ ಮಾಡಿದರು. ಈ ಕತೆಯ ಅರ್ಧ ಶ್ರೇಯಸ್ಸು ಅವರದು. ಕತೆ ಹೇಳುವವರು ಅವರನ್ನು ಮರೆಯುವುದೇ ಹೆಚ್ಚು. ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ 'ಸ್ಪ್ಯಾರೊ' ಅವರ 7ನೆಯ ಲೈಟ್ ಕ್ಯಾವಲ್ರಿಯ ಟ್ಯಾಂಕುಗಳು ಜಮ್ಮುವಿನ ಕಡೆಯಿಂದ ಹೊರಟವು. ಗೂಢಚಾರರಿಗೆ ಗುರುತು ಸಿಗದಿರಲೆಂದು ತೋಪಿನ ಗೋಪುರವನ್ನು ಬಿಚ್ಚಿ, ಟಾರ್ಪಾಲು ಹೊದಿಸಿ, ರಾತ್ರಿಯಲ್ಲಿ ಸಾಗಿಸಿದರು. ಹಳೆಯ ಸೇತುವೆಗಳಿಗೆ ಆಸರೆ ಕೊಟ್ಟು ದಾಟಿಸಿದರು.

1948ರ ನವೆಂಬರ್ 1ರಂದು ಟ್ಯಾಂಕುಗಳು ಕಣಿವೆಗೆ ನುಗ್ಗಿದವು. ಡಿವಿಷನ್ನಿನ ಜನರಲ್ ಆದವರು ನಕ್ಷೆಯ ಮುಂದೆ ಕೂರಬೇಕಾದವರು. ತಿಮ್ಮಯ್ಯ ಮುಂಚೂಣಿಯ ಟ್ಯಾಂಕಿನಲ್ಲಿದ್ದರು. ಆ ಎತ್ತರದಲ್ಲಿ ಟ್ಯಾಂಕಿನ ಸದ್ದು ಕೇಳಬಹುದೆಂದು ಎದುರಾಳಿಗಳು ಕನಸಿನಲ್ಲಿಯೂ ಎಣಿಸಿರಲಿಲ್ಲ. ಮಷಿನ್‌ಗನ್ನಿನ ಗೂಡುಗಳನ್ನು ಟ್ಯಾಂಕಿನ ತೋಪು ಹತ್ತಿರದಿಂದಲೇ ಒಡೆಯಿತು, ಹಿಂದೆ ಕಾಲಾಳುಗಳು ನುಗ್ಗಿದರು. ಅದೇ ತಿಂಗಳ ಮಧ್ಯದಲ್ಲಿ ದ್ರಾಸ್, ಕೊನೆಯ ವಾರದಲ್ಲಿ ಕಾರ್ಗಿಲ್ ಕೈಸೇರಿತು, ಲೇಹಿನ ದಾರಿ ತೆರೆಯಿತು. ಮಲಯದಲ್ಲಿ ಟ್ಯಾಂಕು ಬಾರದೆಂದು ನಂಬಿ ಕೆಟ್ಟದ್ದು ತಿಮ್ಮಯ್ಯನವರ ಬೆಟಾಲಿಯನ್. ಇಲ್ಲಿ ಅದೇ ನಂಬಿಕೆಯಿಂದ ಕೆಟ್ಟದ್ದು ಎದುರಾಳಿ. ಸ್ಕರ್ದುವಿನವರಿಗೆ ಮಾತ್ರ ಇದು ಎರಡೂವರೆ ತಿಂಗಳು ತಡ.

ಟೆಲಿವಿಷನ್ ಕೆಲಸದವನಾಗಿ ಒಂದು ಮಾತು ಹೇಳುತ್ತೇನೆ. ಟ್ಯಾಂಕು ಒಳ್ಳೆಯ ಚಿತ್ರ ಕೊಡುತ್ತದೆ. ಚಲನೆ ಇದೆ, ಹೊಗೆ ಇದೆ, ಸದ್ದಿದೆ. ಮುಳ್ಳುತಂತಿಯ ಬೇಲಿ ಸುಮ್ಮನೆ ನಿಂತಿರುತ್ತದೆ. ಅದರ ಮೇಲೆ ಅರ್ಧ ನಿಮಿಷ ಕ್ಯಾಮೆರಾ ಇಟ್ಟರೆ ನೋಡುವವರು ಏಳುತ್ತಾರೆ. ಅದಕ್ಕೇ ಇರಬೇಕು, ತಿಮ್ಮಯ್ಯನವರ ಬದುಕಿನ ಅತಿ ಕಷ್ಟದ ಕೆಲಸ ಜನರಿಗೆ ಅಷ್ಟಾಗಿ ಗೊತ್ತಿಲ್ಲ.

ಕೊರಿಯಾ ಯುದ್ಧ 1950ರ ಜೂನಿನಲ್ಲಿ ಶುರುವಾಯಿತು. ಒಂದು ಕಡೆ ಉತ್ತರ ಕೊರಿಯಾ ಮತ್ತು ಚೀನಾ, ಇನ್ನೊಂದು ಕಡೆ ದಕ್ಷಿಣ ಕೊರಿಯಾ, ಮತ್ತು ಅಮೆರಿಕದ ಮುಂದಾಳತ್ವದಲ್ಲಿ ವಿಶ್ವಸಂಸ್ಥೆಯ ಸೇನೆ. ಒಂದೇ ವರ್ಷದಲ್ಲಿ ಎರಡೂ ಕಡೆಯವರು ಹೊರಟಲ್ಲಿಗೇ ಬಂದು ನಿಂತರು, ಸಂಧಾನದ ಮಾತು ಶುರುವಾಯಿತು. ಆದರೂ ಯುದ್ಧ ಇನ್ನೆರಡು ವರ್ಷ ಎಳೆಯಿತು. ಕಾರಣ ಕೈದಿಗಳು.

ಎರಡನೆಯ ಮಹಾಯುದ್ಧ ಮುಗಿದ ಮೇಲೂ ಲಕ್ಷಾಂತರ ಕೈದಿಗಳು ವರ್ಷಗಟ್ಟಲೆ ಮನೆಗೆ ಹೋಗದೆ ದುಡಿಯುತ್ತಿದ್ದರು. ಅದಕ್ಕಾಗಿ 1949ರ ಜಿನೀವಾ ಒಡಂಬಡಿಕೆಯ 118ನೆಯ ವಿಧಿಯಲ್ಲಿ, ಹೋರಾಟ ನಿಂತ ಕೂಡಲೇ ಕೈದಿಗಳನ್ನು ಬಿಡುಗಡೆ ಮಾಡಿ ಅವರ ದೇಶಕ್ಕೆ ಕಳಿಸಬೇಕು ಎಂದು ಬರೆದರು. ಓದುವುದಕ್ಕೆ ಎಷ್ಟು ಚೆಂದದ ನಿಯಮ! ಆದರೆ ಕೈದಿಯೇ ನಾನು ಹೋಗುವುದಿಲ್ಲ ಎಂದರೆ? ಬರೆದವರಿಗೆ ಅದು ಮುಖ್ಯ ಚಿಂತೆಯಾಗಿರಲಿಲ್ಲ. ವಿಶ್ವಸಂಸ್ಥೆಯ ಸೇನೆಯ ಶಿಬಿರಗಳಲ್ಲಿದ್ದ ಚೀನೀಯರು ಮತ್ತು ಕೊರಿಯನ್ನರಲ್ಲಿ ಹತ್ತಾರು ಸಾವಿರ ಮಂದಿ ಹಿಂದಿರುಗಲು ಒಪ್ಪಲಿಲ್ಲ. ಕೆಲವರಿಗೆ ಕಮ್ಯೂನಿಸ್ಟ್ ಆಡಳಿತ ಬೇಡ. ಕೆಲವರು ಮೊದಲು ಚಿಯಾಂಗ್ ಕೈ ಶೇಕನ ಸೇನೆಯಲ್ಲಿದ್ದವರು. ಇನ್ನು ಕೆಲವರಿಗೆ ಶಿಬಿರದೊಳಗಿನ ಮುಖಂಡರ ಭಯ. ಮೈಮೇಲೆ ಕಮ್ಯೂನಿಸ್ಟ್ ವಿರೋಧಿ ಹಚ್ಚೆ ಬಲವಂತವಾಗಿ ಹಾಕಿಸಿಕೊಂಡವನು ಊರಿಗೆ ಯಾವ ಮುಖ ಹೊತ್ತು ಹೋದಾನು? ಇವರನ್ನು ಬಲವಂತವಾಗಿ ಕಳಿಸುವುದಿಲ್ಲ ಎಂದು ಅಮೆರಿಕ. ನಿಯಮದಂತೆ ಎಲ್ಲರನ್ನೂ ಕೊಡಿ ಎಂದು ಚೀನಾ. ಎರಡೂ ವಾದದಲ್ಲಿ ನ್ಯಾಯವೂ ಇತ್ತು, ಪ್ರಚಾರದ ಲಾಭವೂ ಇತ್ತು. ಅಷ್ಟರಲ್ಲಿ ರಣರಂಗದಲ್ಲಿ ಜನ ಸಾಯುತ್ತಲೇ ಇದ್ದರು.

ಕೊನೆಗೆ ಭಾರತ ಮುಂದಿಟ್ಟ ಸೂಚನೆಯ ಜಾಡಿನಲ್ಲಿ ಒಂದು ದಾರಿ ಕಂಡಿತು. 1953ರ ಜುಲೈ 27ರಂದು ಕದನವಿರಾಮಕ್ಕೆ ಸಹಿಯಾಯಿತು. ಹಿಂದಿರುಗಲು ಒಪ್ಪದ ಕೈದಿಗಳನ್ನು ಐದು ತಟಸ್ಥ ರಾಷ್ಟ್ರಗಳ ವಾಪಸಾತಿ ಆಯೋಗಕ್ಕೆ ಒಪ್ಪಿಸಬೇಕು. ಅವರ ದೇಶದ ಪ್ರತಿನಿಧಿಗಳು ಬಂದು, ಮನೆಗೆ ಬಾ ಎಂದು ವಿವರಿಸಿ ಹೇಳಲು ತೊಂಬತ್ತು ದಿನ ಅವಕಾಶ. ತೀರ್ಮಾನ ಕೈದಿಯದು. ಆಯೋಗದಲ್ಲಿ ಸ್ವೀಡನ್, ಸ್ವಿಟ್ಜರ್‌ಲೆಂಡ್ ಒಂದು ಕಡೆಗೆ ಒಲಿದವರು; ಪೋಲೆಂಡ್, ಚೆಕೊಸ್ಲೊವಾಕಿಯ ಇನ್ನೊಂದು ಕಡೆಯವರು. ಐದನೆಯದು ಭಾರತ. ಅಧ್ಯಕ್ಷರು ತಿಮ್ಮಯ್ಯ. ಎರಡೆರಡು ಮತಗಳ ತಕ್ಕಡಿಗೆ ಪ್ರತಿಸಲವೂ ಮುಳ್ಳು ಅವರೇ.

ಕೈದಿಗಳನ್ನು ಕಾಯಲು ಭಾರತದಿಂದ ಸುಮಾರು ಆರು ಸಾವಿರ ಮಂದಿಯ ಪಡೆ ಹೋಯಿತು. ಅದರ ಮುಖ್ಯಸ್ಥರು ಮೇಜರ್ ಜನರಲ್ ಥೋರಟ್, ಕಂಗಾವ್‌ನಲ್ಲಿ ತಿಮ್ಮಯ್ಯನವರ ಜೊತೆ ಹೋರಾಡಿದವರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತೀಯರು ತಮ್ಮ ನೆಲ ತುಳಿಯಕೂಡದು ಎಂದುಬಿಟ್ಟರು. ಹಾಗಾಗಿ ಇಂಚೋನ್ ಬಂದರಿನ ಹಡಗುಗಳಿಂದ ಸೈನಿಕರನ್ನು ಅಮೆರಿಕದ ಹೆಲಿಕಾಪ್ಟರುಗಳಲ್ಲಿ ಎತ್ತಿ ಎರಡು ಸೇನೆಗಳ ನಡುವಿನ ನಿಶ್ಶಸ್ತ್ರ ವಲಯಕ್ಕೆ ಇಳಿಸಬೇಕಾಯಿತು. ಅಲ್ಲಿ ಕಟ್ಟಿಕೊಂಡ ಡೇರೆಗಳ ಊರಿಗೆ 'ಹಿಂದ್ ನಗರ' ಎಂದು ಹೆಸರಿಟ್ಟರು.

ಸೆಪ್ಟೆಂಬರ್ ಕೊನೆಯ ಹೊತ್ತಿಗೆ 22,604 ಕೈದಿಗಳು ಬಂದರು. 14,704 ಚೀನೀಯರು, ಉಳಿದ 7,900 ಉತ್ತರ ಕೊರಿಯನ್ನರು. ಎದುರು ಕಡೆಯಿಂದ ಬಂದವರು 359: ದಕ್ಷಿಣ ಕೊರಿಯನ್ನರು 335, ಅಮೆರಿಕನ್ನರು 23, ಬ್ರಿಟಿಷ್ ಸೈನಿಕ ಒಬ್ಬನೇ ಒಬ್ಬ. ಸುಮಾರು ಐನೂರು ಮಂದಿಗೆ ಒಂದೊಂದು ಬೇಲಿ. ಒಳಗೆ ಅವರವರ ಮುಖಂಡರದೇ ಆಡಳಿತ. ಕಾವಲಿನವರನ್ನು ನೋಡಿದೊಡನೆ ಕಲ್ಲು, ಕೂಗು, ಬಾವುಟ. ಮನೆಗೆ ಹೋಗಬಯಸುವವನು ರಾತ್ರಿ ಕದ್ದು ತಂತಿ ಹಾರಿ ಭಾರತೀಯ ಕಾವಲುಗಾರನ ಬಳಿ ಓಡಿಬರಬೇಕು. ಸಿಕ್ಕಿಬಿದ್ದರೆ ಒಳಗಿನವರೇ ಹೊಡೆದು ಕೊಲ್ಲುತ್ತಿದ್ದರು. ಅಂಥ ಕೊಲೆಗಳು ನಡೆದವು.

ಸೆಪ್ಟೆಂಬರ್ 25ರಂದು ಮೇಜರ್ ಗ್ರೆವಾಲ್ ಎಂಬ ಅಧಿಕಾರಿಯನ್ನು ಚೀನೀ ಕೈದಿಗಳು ಬೇಲಿಯೊಳಗೆ ಎಳೆದುಕೊಂಡರು. ಹಿಂದಿನ ವರ್ಷ ಕೋಜೆ ದ್ವೀಪದ ಶಿಬಿರದಲ್ಲಿ ಅಮೆರಿಕದ ಬ್ರಿಗೇಡಿಯರ್ ಜನರಲ್ ಡಾಡ್ ಅವರನ್ನು ಕೈದಿಗಳು ಹೀಗೆಯೇ ಹಿಡಿದಿಟ್ಟು ಜಗತ್ತಿಗೆಲ್ಲ ಸುದ್ದಿಯಾಗಿತ್ತು. ಥೋರಟ್ ಗುಂಡು ಹಾರಿಸಬಹುದಿತ್ತು. ಬದಲಿಗೆ ತಾವೇ ಒಳಗೆ ನಡೆದರು. ಕೂಗಾಡುವ ಗುಂಪಿನ ನಡುವೆ ಕೂತು, ಅತಿಥಿಗೆ ಚಹಾ ಕೊಡುವುದಿಲ್ಲವೇ ಎಂಬ ಧಾಟಿಯಲ್ಲಿ ಮಾತು ತೆಗೆದರು. ಚಹಾ ಬಂತು, ಸಿಗರೇಟು ಬಂತು, ಸ್ವಲ್ಪ ಹೊತ್ತಿಗೆ ಗ್ರೆವಾಲ್ ಕೂಡ ಹೊರಗೆ ಬಂದರು. ಆದರೆ ಎಲ್ಲ ದಿನವೂ ಹೀಗೆ ಮುಗಿಯಲಿಲ್ಲ. ಅಕ್ಟೋಬರ್ ಆರಂಭದ ಎರಡು ದಿನ, ಕೈದಿಗಳು ಗುಂಪಾಗಿ ನುಗ್ಗಿದಾಗ, ನಮ್ಮವರು ಗುಂಡು ಹಾರಿಸಿದರು, ಕೈದಿಗಳು ಸತ್ತರು. ಇದನ್ನು ಮುಚ್ಚಿಟ್ಟು ಬರಿಯ ಚಹಾದ ಕತೆ ಹೇಳುವುದು ಸರಿಯಲ್ಲ.

ಅಕ್ಟೋಬರ್ 15ಕ್ಕೆ ವಿವರಣೆ ಶುರುವಾಯಿತು. ಒಂದು ಡೇರೆ. ಒಳಗೆ ಮೇಜು, ಐದು ದೇಶದ ಪ್ರತಿನಿಧಿಗಳು, ದುಭಾಷಿ, ವಿವರಣೆ ಕೊಡುವ ಅಧಿಕಾರಿ. ಕೈದಿಯನ್ನು ಇಬ್ಬರು ಭಾರತೀಯ ಸಿಪಾಯಿಗಳು ಕರೆತರುತ್ತಾರೆ. ಹೊರಗೆ ಹೋಗಲು ಎರಡು ಬಾಗಿಲು: ಒಂದು ಊರಿಗೆ, ಒಂದು ಮರಳಿ ಬೇಲಿಗೆ. ಮಾತು ಕೇಳಿ ಯಾವ ಬಾಗಿಲಿಂದಾದರೂ ಹೋಗಬಹುದು. ಆ ಕಾಲದ ಸುದ್ದಿಚಿತ್ರಗಳಲ್ಲಿ ಈ ದೃಶ್ಯ ಉಳಿದಿದೆ. ಕೈದಿ ಕಿರುಚುತ್ತಾನೆ, ಉಗುಳುತ್ತಾನೆ, ಕಿವಿ ಮುಚ್ಚಿಕೊಳ್ಳುತ್ತಾನೆ. ಅಧಿಕಾರಿ ತಾಸುಗಟ್ಟಲೆ ಅದನ್ನೇ ಹೇಳುತ್ತಾನೆ. ಪಕ್ಕದಲ್ಲಿ ಮುಖದಲ್ಲಿ ಏನೂ ತೋರದ ಸಿಪಾಯಿ. ಹಳ್ಳಿಯಿಂದ ಬಂದ ಆ ಸಿಪಾಯಿಗೆ ಚೀನೀ ಭಾಷೆಯೂ ಬಾರದು, ಕೊರಿಯನ್ನೂ ಬಾರದು. ಆತ ಮಾಡಬೇಕಾದದ್ದು ಒಂದೇ: ಕೈದಿಯ ಮೈ ಕಾಯಬೇಕು, ಮನಸ್ಸಿಗೆ ಕೈ ಹಾಕಬಾರದು.

ಕೈದಿಗಳು ಡೇರೆಗೆ ಬರಲು ಒಪ್ಪದಿದ್ದಾಗ ನಿಜವಾದ ಪರೀಕ್ಷೆ ಬಂತು. ಬಲ ಹಾಕಿ ಎಳೆದು ತನ್ನಿ ಎಂದು ಪೋಲೆಂಡ್, ಚೆಕ್ ಸದಸ್ಯರು ಹೇಳಿದರು. ಹಾಗೆ ಮಾಡಿದರೆ ನಾವು ಎದ್ದು ಹೋಗುತ್ತೇವೆ ಎಂದರು ಸ್ವಿಸ್ಸರು. ಎಳೆದರೆ ನೂರಾರು ಹೆಣ ಬೀಳುತ್ತದೆ, ಎಳೆಯದಿದ್ದರೆ ಕೈದಿಗೆ ಸ್ವತಂತ್ರವಾಗಿ ಕೇಳುವ ಅವಕಾಶವೇ ಸಿಗುವುದಿಲ್ಲ. ತಿಮ್ಮಯ್ಯ ಎಳೆಯಲಿಲ್ಲ. ಆದರೆ ಒಳಗಿನ ಮುಖಂಡರ ದಬ್ಬಾಳಿಕೆಯಿಂದ ಕೈದಿಯ ಆಯ್ಕೆ ಸ್ವತಂತ್ರವಾಗಿರಲಿಲ್ಲ ಎಂದು ವರದಿಯಲ್ಲಿ ಬರೆಯಲೂ ಹಿಂಜರಿಯಲಿಲ್ಲ. ಅಮೆರಿಕದವರಿಗೆ ಬರೆದದ್ದು ಕಹಿಯಾಯಿತು, ಚೀನೀಯರಿಗೆ ಎಳೆಯದಿದ್ದದ್ದು ಕಹಿಯಾಯಿತು. ನನ್ನ ಮಟ್ಟಿಗೆ ಜೋಜಿಲಾದ ನವೆಂಬರ್ 1ಕ್ಕಿಂತ ಹೆಚ್ಚಿನ ಎದೆಗಾರಿಕೆ ಬೇಕಾದದ್ದು ಇಲ್ಲಿ. ಟ್ಯಾಂಕಿನಲ್ಲಿ ಹೋಗುವವನಿಗೆ ಶತ್ರು ಯಾವ ದಿಕ್ಕಿನಲ್ಲಿದ್ದಾನೆ ಎಂಬುದಾದರೂ ಗೊತ್ತಿರುತ್ತದೆ.

ತೊಂಬತ್ತು ದಿನಗಳಲ್ಲಿ ವಿವರಣೆ ನಡೆದದ್ದು ಕೆಲವೇ ದಿನ. ಡಿಸೆಂಬರ್ 23ಕ್ಕೆ ಗಡುವು ಮುಗಿಯಿತು. ವಿವರಣೆ ಕೇಳಿಯೋ, ಬೇಲಿ ಹಾರಿ ಬಂದೋ, ಆರುನೂರಕ್ಕೂ ಹೆಚ್ಚು ಮಂದಿ ಮನೆಯ ಬಾಗಿಲನ್ನು ಆರಿಸಿಕೊಂಡಿದ್ದರು. ಅಮೆರಿಕನ್ನರ 23ರಲ್ಲಿ ಇಬ್ಬರು ಮನಸ್ಸು ಬದಲಿಸಿದರು. 21 ಮಂದಿಯೂ ಆ ಒಬ್ಬ ಬ್ರಿಟಿಷನೂ ಚೀನಾಕ್ಕೆ ಹೋದರು. ಉಳಿದವರ ಭವಿಷ್ಯ ತೀರ್ಮಾನಿಸಲು ನಡೆಯಬೇಕಿದ್ದ ರಾಜಕೀಯ ಸಭೆ ನಡೆಯಲೇ ಇಲ್ಲ. ಅವರನ್ನು ನಾಗರಿಕರೆಂದು ಸಾರುವ ಅಧಿಕಾರ ತಮಗಿಲ್ಲವೆಂದು, 1954ರ ಜನವರಿ 20ರಿಂದ ತಿಮ್ಮಯ್ಯ ಕೈದಿಗಳನ್ನು ಮೊದಲು ಹಿಡಿದಿದ್ದ ಕಡೆಯವರಿಗೇ ಒಪ್ಪಿಸಿದರು. ಚೀನೀಯರಲ್ಲಿ ಹದಿನಾಲ್ಕು ಸಾವಿರ ಮಂದಿ ತೈವಾನ್ ಸೇರಿದರು.

ಎರಡೂ ಬಾಗಿಲು ಬೇಡ ಎಂದವರೂ ಇದ್ದರು. ಉತ್ತರವೂ ಬೇಡ, ದಕ್ಷಿಣವೂ ಬೇಡ, ತೈವಾನೂ ಬೇಡ. ಇಂಥ ಎಂಬತ್ತಕ್ಕೂ ಹೆಚ್ಚು ಮಂದಿ ಭಾರತೀಯ ಪಡೆಯೊಂದಿಗೆ ಹಡಗು ಹತ್ತಿ, ಫೆಬ್ರುವರಿಯಲ್ಲಿ ಮದ್ರಾಸಿಗೆ ಬಂದಿಳಿದರು. ಮುಂದೆ ಅವರಲ್ಲಿ ಹೆಚ್ಚಿನವರು ಬ್ರೆಜಿಲ್, ಅರ್ಜೆಂಟೀನಾಗಳಿಗೆ ಹೋದರು, ಕೆಲವರು ಇಲ್ಲಿಯೇ ಉಳಿದರು. ಕೊರಿಯಾದ ಕಾದಂಬರಿಕಾರ ಚೊಯ್ ಇನ್ ಹುನ್ 1960ರಲ್ಲಿ ಬರೆದ, ಕನ್ನಡದಲ್ಲಿ 'ಚೌಕ' ಎನ್ನಬಹುದಾದ ಹೆಸರಿನ ಕಾದಂಬರಿಯ ನಾಯಕ ಇಂಥ ಒಬ್ಬ ಕೈದಿ.

1954ರಲ್ಲಿಯೇ ತಿಮ್ಮಯ್ಯನವರಿಗೆ ಪದ್ಮಭೂಷಣ ಬಂತು. 1957ರಿಂದ 1961ರವರೆಗೆ ಅವರು ಭೂಸೇನೆಯ ಮುಖ್ಯಸ್ಥರು. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅವರೊಡನೆ ಮನಸ್ತಾಪವಾಗಿ 1959ರಲ್ಲಿ ರಾಜೀನಾಮೆ ಕೊಟ್ಟು, ನೆಹರು ಅವರ ಮಾತಿಗೆ ಹಿಂದೆಗೆದುಕೊಂಡದ್ದು ದೊಡ್ಡ ವಿವಾದ. ಅದಕ್ಕೆ ಬೇರೆಯೇ ಲೇಖನ ಬೇಕು. ನಿವೃತ್ತಿಯ ನಂತರ 1964ರಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿ ಸೈಪ್ರಸ್ ದ್ವೀಪಕ್ಕೆ ಹೋದರು. ಅಲ್ಲಿಯೂ ಇಬ್ಬರ ನಡುವೆ ನಿಲ್ಲುವ ಕೆಲಸವೇ. 1965ರ ಡಿಸೆಂಬರಿನಲ್ಲಿ, ಕೆಲಸದಲ್ಲಿರುವಾಗಲೇ, ಹೃದಯಾಘಾತದಿಂದ ತೀರಿಕೊಂಡರು. ಸೈಪ್ರಸ್ ಅವರ ಹೆಸರಿನಲ್ಲಿ ಅಂಚೆಚೀಟಿ ತಂದಿತು. ಸಮಾಧಿ ಇರುವುದು ಬೆಂಗಳೂರಿನ ವಿಲ್ಸನ್ ಗಾರ್ಡನ್ನಿನಲ್ಲಿ. ಮಡಿಕೇರಿಯ ಅವರ ಮನೆ 'ಸನ್ನಿ ಸೈಡ್' 2021ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಕೊಡಗಿಗೆ ಪ್ರವಾಸ ಹೋದರೆ ನೋಡಿ ಬನ್ನಿ.

ಅವರು ತೀರಿಕೊಂಡ ಆ ಡಿಸೆಂಬರಿನಲ್ಲಿ ಕೊಡಗಿನ ಇನ್ನೊಂದು ಮನೆಯ ಮಗ ಸೆರೆಯಲ್ಲಿದ್ದ. ಜನರಲ್ ಕಾರಿಯಪ್ಪ ಅವರ ಮಗ, ವಾಯುಪಡೆಯ ಫ್ಲೈಟ್ ಲೆಫ್ಟಿನೆಂಟ್ ಕೆ. ಸಿ. ಕಾರಿಯಪ್ಪ, ಸೆಪ್ಟೆಂಬರ್ 22ರಂದು, ಭಾರತ ಪಾಕಿಸ್ತಾನ ಯುದ್ಧದ ಕೊನೆಯ ಗಳಿಗೆಯಲ್ಲಿ, ವಿಮಾನ ಉರುಳಿ ಪಾಕಿಸ್ತಾನದ ಕೈಗೆ ಸಿಕ್ಕಿದ್ದರು. ಅಧ್ಯಕ್ಷ ಅಯೂಬ್ ಖಾನ್ ವಿಭಜನೆಗೆ ಮೊದಲು ಅಪ್ಪ ಕಾರಿಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಹಳೆಯ ಗೌರವದಿಂದ, ಬೇಕಾದರೆ ಮಗನನ್ನು ಬಿಟ್ಟುಬಿಡುತ್ತೇನೆ ಎಂದು ಹೇಳಿ ಕಳಿಸಿದರು. ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ, ಅವನೊಬ್ಬನಿಗೆ ವಿಶೇಷ ಬೇಡ ಎಂಬುದು ಅಪ್ಪನ ಉತ್ತರದ ತಾತ್ಪರ್ಯ. ಬೆನ್ನುಮೂಳೆಗೆ ಪೆಟ್ಟಾಗಿದ್ದ ಮಗ ಉಳಿದ ಕೈದಿಗಳಂತೆಯೇ ನಾಲ್ಕು ತಿಂಗಳು ಕಳೆದು, 1966ರ ಜನವರಿ 22ರಂದು ಗಡಿ ದಾಟಿ ಬಂದರು.